ಗುರುಶಾಂತನ ಉಸಿರು ಕಾಯ್ದ ತುಳಜಾಬಾಯಿ

ಸೊಲ್ಲಾಪುರದ ದವಾಖಾನೆಗಳಲ್ಲಿ ರೋಗಿಗಳ ಮೈ ಒರೆಸುವ, ಹಾಸಿಗೆ ಬದಲಿಸುವ, ಹೊಲಸು ಎತ್ತುವ ಹೆಂಗಸರನ್ನೆಲ್ಲ ‘ಮಾವಶಿ’ ಎಂದು ಕರೆಯುತ್ತಾರೆ. ಮರಾಠಿಯಲ್ಲಿ ಹಾಗೆಂದರೆ ತಾಯಿಯ ತಂಗಿ. ಬಾಯಿಮಾತಿಗೆ ಇಂಥ ಬಳಗ. ಆ ತಾಯಿಯ ತಂಗಿ ಬಕೆಟ್ ಹಿಡಿದು ಹತ್ತಿರ ಬಂದಳೆಂದರೆ ಇದೇ ಜನ ಮೂಗು ಮುಚ್ಚಿಕೊಂಡು ಗೋಡೆಗೆ ಸರಿಯುತ್ತಾರೆ. ಕರೆಯುವ ಹೆಸರಿನಲ್ಲಿ ಕೊಟ್ಟ ಮರ್ಯಾದೆಯನ್ನು ಮೂಗಿನಿಂದ ಹಿಂದಕ್ಕೆ ತೆಗೆದುಕೊಳ್ಳುವ ಈ ಜಾಣತನವನ್ನು ನಾನು ಇತ್ತೀಚೆಗೆ ಆರು ದಿನ ಕುಳಿತು ನೋಡಿದೆ. ನೋಡಿದ್ದನ್ನು ಬರೆಯದಿದ್ದರೆ ತುಳಜಾಬಾಯಿಗೆ ಅನ್ಯಾಯವಾಗುತ್ತದೆ.

ತುಳಜಾಬಾಯಿ ತಡವಳದವಳು. ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ನಾಲ್ಕನೆಯ ಇಯತ್ತೆಯಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತಿದ್ದಳು. ಅವಳ ಲಕ್ಷ್ಯವೆಲ್ಲ ಕಿಟಕಿಯ ಹೊರಗೆ ಮೇಯುವ ಕುರಿಗಳ ಮೇಲೆ. ತಂದೆ ಮಲ್ಲಯ್ಯನಿಗೆ ಅರವತ್ತು ಕುರಿಗಳಿದ್ದವು. ಹಣೆಯ ಮೇಲೆ ಬೀರೋಬಾ ದೇವರ ಭಂಡಾರ ಹಚ್ಚಿಕೊಳ್ಳದೆ ಅವಳು ಶಾಲೆಗೆ ಬಂದ ದಿನವಿಲ್ಲ; ಆ ಅರಿಷಿಣದ ಪುಡಿ ಪಾಟಿಯ ಮೇಲೂ ಉದುರಿರುತ್ತಿತ್ತು. ಮಗ್ಗಿ ಬಾರದು, ಪದ್ಯ ಬಾರದು. ಆದರೆ ಒಂದು ದಿನ ನಾನು ಗೋಡೆಗೆ ಚಿತ್ರಪಟ ತೂಗುಹಾಕಿ ಅನ್ನನಾಳ ಯಾವುದು, ಶ್ವಾಸನಾಳ ಯಾವುದು ಎಂದು ಕೋಲಿನಿಂದ ತೋರಿಸುತ್ತಿದ್ದಾಗ ಎದ್ದು ನಿಂತಳು.

“ಗುರುಜಿ, ಕುರಿಗೂ ಹಿಂಗ ಎರಡ ಕೊಳವಿ ಇರತಾವ್ರಿ?”

“ಇರುತ್ತವೆ.”

“ಅದಕ್ಕ ನಮ್ಮಪ್ಪ ನೆಲಕ್ಕ ಬಿದ್ದ ಕುರಿಗೆ ಗೊಟ್ಟ ಹಾಕಾಕ ಕೊಡೂದಿಲ್ಲ. ಔಷಧ ತಪ್ಪ ಕೊಳವ್ಯಾಗ ಇಳೀತದ. ಅವತ್ತ ಕೆಮ್ಮತದ, ಮೂರನೇ ದಿನಕ್ಕ ಮೇವ ಬಿಡತದ, ಆಮ್ಯಾಗ ಸಾಯ್ತದ.”

ಗೊಟ್ಟ ಎಂದರೆ ದನಕರುಗಳ ಬಾಯಿಗೆ ಔಷಧ ಹೊಯ್ಯುವ ಬಿದಿರಿನ ಕೊಳವೆ. ಕುರಿಯನ್ನು ನಿಲ್ಲಿಸಿ, ಅದು ತಾನಾಗಿ ನುಂಗುವಷ್ಟನ್ನೇ ಹೊಯ್ಯಬೇಕು. ಇದು ಕುರುಬರ ಮಕ್ಕಳಿಗೆಲ್ಲ ಗೊತ್ತಿರುವ ಮಾತು. ಅಂದು ಉಳಿದ ಮಕ್ಕಳು ನಕ್ಕರು. ನಾನು ಮಾತ್ರ ನಗಲಿಲ್ಲ ಎಂದು ನೆನಪು.

ಏಳನೆಯ ಇಯತ್ತೆ ಮುಗಿದ ಮೇಲೆ ಅವಳನ್ನು ಹನ್ನೂರಿಗೆ ಕೊಟ್ಟರು. ಗಂಡ ಸಾಯಬಣ್ಣನಿಗೆ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮಗ್ಗದ ಕೆಲಸ ಸಿಕ್ಕಿತು. ಅವಳೂ ಸೊಲ್ಲಾಪುರಕ್ಕೆ ಬಂದು ಒಂದು ಖಾಸಗಿ ದವಾಖಾನೆಯಲ್ಲಿ ನೆಲ ಒರೆಸಲು ಸೇರಿದಳು. ಹತ್ತೊಂಬತ್ತು ವರ್ಷಗಳಲ್ಲಿ ನೆಲದಿಂದ ಹಾಸಿಗೆಗೆ, ಹಾಸಿಗೆಯಿಂದ ಐಸಿಯೂಗೆ ಅವಳ ಬಡತಿಯಾಯಿತು. ಇಷ್ಟೆಲ್ಲ ನನಗೆ ಗೊತ್ತಾದದ್ದು ಕಳೆದ ಮಾಘಮಾಸದಲ್ಲಿ, ನಿವೃತ್ತಿಯ ನಂತರ ನಾನು ಸೊಲ್ಲಾಪುರದಲ್ಲಿ ನೆಲೆಸಿರುವ ಓಣಿಯ ಗುರುಶಾಂತನಿಂದಾಗಿ.

ಗುರುಶಾಂತ ಚಾದರ, ಟಾವೆಲುಗಳ ವ್ಯಾಪಾರಿ. ಐವತ್ತನಾಲ್ಕರ ಮೃದು ಮನುಷ್ಯ. ಅವನ ಅಣ್ಣ ಶಾಂತಲಿಂಗಪ್ಪನವರು ಮೃದು ಅಲ್ಲ. ಊರಿನ ಯಾವ ಕಮಿಟಿಯೂ ಅವರಿಲ್ಲದೆ ನಡೆಯದು, ಯಾವ ಕಮಿಟಿಯೂ ಅವರಿಂದ ನಡೆದದ್ದಿಲ್ಲ. ಎಲ್ಲಿ ಹೋದರೂ ಮೊದಲ ಕುರ್ಚಿ, ಎಲ್ಲ ವಿಷಯದಲ್ಲೂ ಕೊನೆಯ ಮಾತು ಅವರದೇ. ವೈದ್ಯಶಾಸ್ತ್ರ ಒಂದು ಉಳಿದಿತ್ತು. ಅದನ್ನೂ ಆ ದಿನ ವಶಮಾಡಿಕೊಂಡರು.

ಬೆಳಗಿನ ಪೂಜೆ ಮುಗಿಸಿ ಎದ್ದ ಗುರುಶಾಂತ ಪಡಸಾಲೆಯಲ್ಲಿ ಕುಸಿದುಬಿದ್ದ. ಬಾಯಿ ಒಂದು ಕಡೆಗೆ ವಾಲಿತ್ತು, ಬಲಗೈ ಬಟ್ಟೆಯಂತೆ ಜೋತಿತ್ತು. ಕೂಗು ಕೇಳಿ ನಾನು ಓಡಿಹೋದಾಗ ಶಾಂತಲಿಂಗಪ್ಪನವರು ತಮ್ಮನನ್ನು ಅಂಗಾತ ಮಲಗಿಸಿ, ದವಡೆ ಒತ್ತಿ ಬಾಯಿ ತೆರೆದು ಹಿಡಿದಿದ್ದರು.

“ಬಿಸಿ ಹಾಲ ತಾ ನೀಲಾ! ಸಕ್ಕರಿ ಹಾಕು! ಹೊಟ್ಯಾಗ ಏನಿಲ್ಲಂತ ಚಕ್ಕರ ಬಂದಾದ!”

ಗುರುಶಾಂತನ ಹೆಂಡತಿ ನೀಲಗಂಗಾ ಒಂದು ಲೋಟ ಹಾಲು ತಂದು ಸುರಿದಳು. ಅರ್ಧ ಮೂಗಿನಿಂದ ಹೊರಬಂತು. ಉಳಿದರ್ಧ ಎಲ್ಲಿಗೆ ಹೋಯಿತೆಂದು ಗುರುಶಾಂತನ ಮುಖ ನೀಲಿಯಾಗಿ ತಾನೇ ಹೇಳಿತು. “ಕೆಮ್ಮಿದ್ರ ಚಲೋ, ಎಚ್ಚರ ಬರತದ, ಇನ್ನೊಂದಿಷ್ಟು ಹಾಕ್ರಿ” ಎಂದು ಹಿಂದಿನಿಂದ ಯಾರೋ ಅಂದರು. ನಾನು ಅಲ್ಲಿಯೇ ನಿಂತಿದ್ದೆ. ಮೂವತ್ತನಾಲ್ಕು ವರ್ಷ ಆ ಎರಡು ಕೊಳವೆಗಳ ಚಿತ್ರಪಟ ತೋರಿಸಿದವನು ಬಾಯಿ ಬಿಡಲಿಲ್ಲ. ಶಾಂತಲಿಂಗಪ್ಪನವರ ಮುಂದೆ ಎದುರು ಮಾತಾಡುವ ರೂಢಿ ನಮ್ಮ ಓಣಿಯಲ್ಲಿ ಇಲ್ಲ. ಇಂಥ ರೂಢಿಗೆ ಹೇಡಿತನವೆಂದು ಹೆಸರು.

ದವಾಖಾನೆಯಲ್ಲಿ ಡಾಕ್ಟರ್ ಪೂನಮ ಎಂಬ ಮೂವತ್ತು ದಾಟದ ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಲಕ್ವಾ ಹೊಡೆದಿದೆ, ಅದಕ್ಕೆ ಚಿಕಿತ್ಸೆ ನಡೆದಿದೆ. ಆದರೆ ಈಗ ಅದಕ್ಕಿಂತ ದೊಡ್ಡ ಹೆದರಿಕೆ ಹಾಲಿನದು.

“ಹಾಲು ಫುಪ್ಪುಸದಾಗ ಹೋಗ್ಯಾದ್ರಿ. ನಳಿ ಹಾಕಿ ಬಂದಷ್ಟು ತಗದೀವಿ. ಒಳಗ ಸುಟ್ಟಂಗಾಗ್ಯಾದ, ಆದ್ರ ನ್ಯುಮೋನಿಯಾ ಇನ್ನೂ ಆಗಿಲ್ಲ. ಈ ಸ್ಥಿತ್ಯಾಗ ಅದು ಆತಂದ್ರ ಅವರು ತಡಕೊಳ್ಳೂದು ಕಠಿಣ. ಮುಂದಿನ ನಾಕೈದ ದಿನ ಅದು ಆಗಲಾರದಂಗ ಕಾಯಬೇಕು.”

“ಹಂಗಾರ ಭಾರೀದೊಂದು ಆಂಟಿಬಯೋಟಿಕ್ ಚಾಲೂ ಮಾಡ್ರಿ” ಎಂದರು ಶಾಂತಲಿಂಗಪ್ಪನವರು. “ಬೇಕಂದ್ರ ಪುಣೆದಿಂದ ತರಸ್ತೀನಿ.”

“ಆಗಲಾರದ ರೋಗಕ್ಕ ಮೊದಲ ಕೊಟ್ರ ಉಪಯೋಗ ಇಲ್ರಿ. ಉಲ್ಟಾ, ನಾಳೆ ಖರೇನ ಬೇಕಾದಾಗ ಅದು ನಾಟೂದಿಲ್ಲ. ಜ್ವರ, ಕಫ, ಎಕ್ಸ್‌ರೇ ನೋಡಿಕೋತ ಇರತೀವಿ. ಲಕ್ಷಣ ಕಂಡ ಗಳಿಗ್ಯಾಗ ಚಾಲೂ ಮಾಡತೀವಿ.”

“ಅಲ್ಲೀತನಕ ಏನ ಮಾಡಾವ್ರು?”

“ತಲಿಕಡಿ ಹಾಸಿಗಿ ಎತ್ತರ ಇಡತೀವಿ. ಬಾಯಿ ಸ್ವಚ್ಛ ಇಡತೀವಿ. ನುಂಗಾಕ ಬರತದಂತ ಖಾತ್ರಿ ಆಗೂತನಕ ಬಾಯಿಲೆ ಒಂದ ಹನಿ ಕೊಡೂದಿಲ್ಲ.”

ಶಾಂತಲಿಂಗಪ್ಪನವರು ನನ್ನ ಕಡೆಗೆ ತಿರುಗಿ ನಕ್ಕರು. “ಕೇಳಿದ್ರ್ಯಾ ಗುರುಜಿ? ದಿಂಬ ಎತ್ತರ ಇಡೂದು, ಹಲ್ಲ ತಿಕ್ಕೂದು! ಇದಕ್ಕ ಐಸಿಯೂ ಅಂತಾರ.”

ಹಲ್ಲು ತಿಕ್ಕುವವಳು ಆಗಲೇ ಬಂದಿದ್ದಳು. ನೀಲಿ ಸೀರೆ, ಮೊಣಕೈವರೆಗೆ ರಬ್ಬರಿನ ಕೈಗವಸು, ಹಣೆಯ ಮೇಲೆ ಒಂದಿಷ್ಟು ಹಳದಿ. ನನ್ನನ್ನು ಕಂಡು ಗಕ್ಕನೆ ನಿಂತಳು.

“ತಡವಳದ ಗುರುಜಿ ಅಲ್ರೀ? ನಾ ತುಳಜಾರಿ. ಮಲ್ಲಯ್ಯನ ಮಗಳು. ನೀವು ಮಗ್ಗಿ ಬರಲಿಲ್ಲಂತ ಬಾಕಿನ ಮ್ಯಾಲ ನಿಲ್ಲಸ್ತಿದ್ರಿ.”

“ಈಗ ಬರುತ್ತದೆಯೇ?”

“ಈಗೂ ಬರೂದಿಲ್ರಿ. ಹಾಸಿಗಿ ಹನ್ನೆರಡ ಅದಾವ, ಅಷ್ಟ ಎಣಸ್ತೀನಿ.”

ಅವಳ ಕೆಲಸವನ್ನು ನಾನು ಗಾಜಿನ ಬಾಗಿಲಿನ ಆಚೆಯಿಂದ ನೋಡಿದೆ. ಮೆತ್ತನೆಯ ಬ್ರಷ್ಷಿನಿಂದ ಒಂದೊಂದೇ ಹಲ್ಲು ತಿಕ್ಕುತ್ತಿದ್ದಳು. ಹೀರುವ ನಳಿಕೆಯನ್ನು ಕೆನ್ನೆಯ ಸಂದಿಯಲ್ಲಿಟ್ಟು ಎಂಜಲನ್ನೆಲ್ಲ ಹೊರಗೆಳೆಯುತ್ತಿದ್ದಳು. ನಾಲಿಗೆ, ವಸಡು, ಅಂಗುಳ ಎಲ್ಲ ಒರೆಸಿ ತುಟಿಗೆ ಎಣ್ಣೆ ಸವರುತ್ತಿದ್ದಳು. ಮೂರು ನಾಲ್ಕು ತಾಸಿಗೊಮ್ಮೆ ಇಷ್ಟೂ ಮತ್ತೆ ಮೊದಲಿನಿಂದ. ಹಾಸಿಗೆಯ ಹಿಂದಿನ ಗೋಡೆಗೆ ಬಿಳಿಯ ಪಟ್ಟಿಯೊಂದನ್ನು ಅಂಟಿಸಿದ್ದಳು. ಹಾಸಿಗೆಯ ತಲೆಗಡೆ ಅದಕ್ಕಿಂತ ಕೆಳಗೆ ಇಳಿಯಕೂಡದು.

“ಎಚ್ಚರ ಇಲ್ಲದವರ ಬಾಯಿ ಅಂದ್ರ ಮೋರಿ ಇದ್ದಂಗ್ರಿ ಗುರುಜಿ. ತುಂಬಿತಂದ್ರ ಎದಿಗೆ ಇಳೀತದ. ಈ ಮಂದಿಗೆ ಎದಿಗೆ ಸೂಜಿ ಚುಚ್ಚಿದ್ರ ದೊಡ್ಡ ಇಲಾಜು. ಬಾಯಿ ಒರಸಿದ್ರ ಹೊಲಸ ಕೆಲಸ.”

ಸಂಜೆ ನಾಲ್ಕಕ್ಕೆ ಭೇಟಿಯ ವೇಳೆ. ನೆಂಟರು ಬರತೊಡಗಿದರು. ಕಣ್ಣೀರಿಗೆ ಮೊದಲೇ ಕರವಸ್ತ್ರ ಬಿಚ್ಚಿಟ್ಟುಕೊಂಡು ಬಂದವರಿದ್ದರು. ಎದೆಗೆ ತಂತಿ ಸುತ್ತಿಕೊಂಡು ಮಲಗಿದ್ದವನ ಫೋಟೋ ಹೊಡೆದು ಮೊಬೈಲಿನಲ್ಲಿ ಹಂಚಿದವರಿದ್ದರು. ಹಾಸಿಗೆಯ ಕಾಲಗಡೆ ನಿಂತು ವೈಶಾಖದ ಲಗ್ನಕ್ಕೆ ಮಂಗಲಕಾರ್ಯಾಲಯ ಗೊತ್ತುಮಾಡಿದವರೂ ಇದ್ದರು. ಇವರೆಲ್ಲರ ಕೈಯಲ್ಲಿ ಒಂದೊಂದು ಬಾಟಲಿ: ಮಠದ ತೀರ್ಥ, ಅಕ್ಕಲಕೋಟದ ತೀರ್ಥ, ಕಾಶಿಯಿಂದ ಬಂದ ಗಂಗೆ. ಕಂಟಕದಲ್ಲಿರುವವನ ಬಾಯಿಗೆ ಒಂದು ಹನಿ ಬಿಟ್ಟೆನೆಂದರೆ ಬಳಗದ ಋಣ ತೀರಿತು. ಮನೆಗೆ ಹೋಗಿ “ನಾನೂ ಬಿಟ್ಟು ಬಂದೆ” ಎನ್ನಬೇಕು. ಅಲ್ಲಿಗೆ ಅವರ ಪ್ರೀತಿ ಮುಗಿಯಿತು. ಆ ಹನಿ ಎಲ್ಲಿಗೆ ಇಳಿಯಿತೆಂದು ಒಬ್ಬನೂ ಕೇಳುವುದಿಲ್ಲ.

ತುಳಜಾಬಾಯಿ ಹಾಸಿಗೆಗೆ ಅಡ್ಡ ನಿಂತಳು.

“ಹಣಿಗೆ ಹಚ್ಚರಿ. ಎದಿಗೆ ಹಚ್ಚರಿ. ಕಾಲಿಗೆ ಹಚ್ಚರಿ. ಬಾಯಾಗ ಬ್ಯಾಡ.”

“ದೇವರ ತೀರ್ಥ ಅದವಾ!” ಎಂದಳು ಒಬ್ಬ ಅತ್ತೆ.

“ದೇವರಿಗೆ ಹಣಿ ಯಾವುದು ಬಾಯಿ ಯಾವುದು ತಿಳೀತದ್ರಿ. ಹಚ್ಚಿ ಸರೀರಿ.”

ಅದೇ ಸಂಜೆ ಹೊರಗಿನ ಬಾಕಿನ ಮೇಲೆ ನೀಲಗಂಗಾ ಒಬ್ಬಳೇ ಕುಳಿತಿದ್ದಳು. ಬಕೆಟ್ ಹಿಡಿದು ಹೊರಟಿದ್ದ ತುಳಜಾಬಾಯಿಯನ್ನು ತಡೆದು ಮೆಲ್ಲಗೆ ಕೇಳಿದಳು: “ಮಾವಶಿ, ಭಾವಾರು ಹಾಕಂದ್ರು, ಹಾಲ ಹಾಕಿದಾಕಿ ನಾನ. ನನ್ನಿಂದ ಆತೇನ ಇದು?”

ಬೇರೆ ಯಾರಾದರೂ ಆಗಿದ್ದರೆ ಇಲ್ಲವ್ವಾ ಎಂದು ಸಮಾಧಾನ ಹೇಳುತ್ತಿದ್ದರು. ತುಳಜಾಬಾಯಿ ಬಕೆಟ್ ಕೆಳಗಿಟ್ಟಳು.

“ಹೌದ್ರಿ. ನಿಮ್ಮ ಕೈಲೆ ಆತು. ನೆಲಕ್ಕ ಬಿದ್ದ ಕುರಿಗೆ ನಮ್ಮಪ್ಪ ಗೊಟ್ಟ ಹಾಕಾಕ ಕೊಡ್ತಿದ್ದಿಲ್ಲ. ಹಾಕಿದ ಕುರಿ ಮೂರನೇ ದಿನಕ್ಕ ಮೇವ ಬಿಟ್ಟು ಹೋಗ್ತಿತ್ತು. ಇವರಿನ್ನೂ ಹೋಗಿಲ್ಲ. ಇನ್ನೊಂದ ಹನಿ ಬೀಳಲಾರದಂಗ ನೋಡ್ರಿ. ಅಳಾಕ ಆಮ್ಯಾಗ ಬೇಕಾದಷ್ಟ ಪುರಸತ್ತ ಸಿಗತದ.”

ನೀಲಗಂಗಾ ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಅತ್ತದ್ದನ್ನು ನಾನು ನೋಡಲಿಲ್ಲ.

ಮರುದಿನ ಶಾಂತಲಿಂಗಪ್ಪನವರು ತಾವೇ ಒಂದು ಬೆಳ್ಳಿಯ ಗಿಂಡಿಯಲ್ಲಿ ತೀರ್ಥ ತಂದರು. ಕಂಡವರ ಬಾಟಲಿಯಲ್ಲ, ಬೆಳ್ಳಿಯದು. ನಾಲ್ಕು ಜನ ನೋಡಬೇಕಲ್ಲ. ತಮ್ಮನ ಕುತ್ತಿಗೆ ನೋಯುತ್ತದೆಂದು ಹಾಸಿಗೆಯ ಹಿಡಿಕೆಯನ್ನು ತಾವೇ ತಿರುವಿ ತಲೆಗಡೆ ಇಳಿಸಿದರು. ಗಿಂಡಿ ಎತ್ತಿದರು. ತುಳಜಾಬಾಯಿ ಅವರ ಮುಂಗೈ ಹಿಡಿದಳು.

“ಏ ಬಾಯಿ, ಕೈ ಬಿಡು! ಯಾರ ಕೈ ಹಿಡದೀದಿ ಗೊತ್ತದ ಏನು?”

“ಗೊತ್ತದ್ರಿ ಸಾವಕಾರ್ರ. ಹಾಲ ಹಾಕಿಸಿದ ಕೈ. ನಾವು ಕುರಿ ಕಾಯಾವ್ರು. ಕುರಿಗೂ ನಾವು ಹಿಂಗ ಮಾಡೂದಿಲ್ಲ.”

ಶಾಂತಲಿಂಗಪ್ಪನವರಿಗೆ ಆ ಮಾತಿನ ಹುರುಳು ಮುಟ್ಟಲಿಲ್ಲ. ಕುರಿ ಮಾತ್ರ ಮುಟ್ಟಿತು. “ನನ್ನ ತಮ್ಮ ಕುರಿ ಅಂತ! ಹೊಲಸ ತಗಿಯೂ ಹೆಂಗಸು ನಮ್ಮ ಮನೆತನಕ್ಕ ಕುರಿ ಅಂತಾಳ!” ಎಂದು ಇಡೀ ಮಜಲೆಗೆ ಕೇಳಿಸುವಂತೆ ಕೂಗುತ್ತ ಮ್ಯಾನೇಜರರ ಖೋಲಿಗೆ ಹೋದರು. ದವಾಖಾನೆಯ ಯಾವುದೋ ಸಮಾರಂಭದಲ್ಲಿ ಅವರು ಹಾರ ಹಾಕಿಸಿಕೊಂಡ ನೆನಪು ಮ್ಯಾನೇಜರರಿಗೆ ಇತ್ತು. ಹತ್ತು ಮಿನಿಟಿನಲ್ಲಿ ತುಳಜಾಬಾಯಿಗೆ ಕೆಳಗಿನ ಮಜಲೆಯಲ್ಲಿ ನೆಲ ಒರೆಸುವ ಹುಕುಂ ಆಯಿತು. ಹತ್ತೊಂಬತ್ತು ವರ್ಷದ ಬಡತಿ ಹತ್ತು ಮಿನಿಟಿಗೆ ಇಳಿಯಿತು. ಡಾಕ್ಟರ್ ಪೂನಮ ಆಗ ಬೇರೊಬ್ಬ ರೋಗಿಯ ಹತ್ತಿರ ಇದ್ದಳು, ಅವಳನ್ನು ಕೇಳಿದವರಿಲ್ಲ.

ಹೋಗುವ ಮುಂಚೆ ತುಳಜಾಬಾಯಿ ಹಾಸಿಗೆಯನ್ನು ಪಟ್ಟಿಯ ಮಟ್ಟಕ್ಕೆ ತಿರುವಿ ಇಟ್ಟಳು. ನೀಲಗಂಗಾಳನ್ನು ಒಮ್ಮೆ ನೋಡಿದಳು.

ಮೂರನೆಯ ದಿನ ಅವಳ ಜಾಗಕ್ಕೆ ಬಂದವಳು ಬಡಪಾಯಿ. ಯಾರು ಏನು ಹೇಳಿದರೂ “ಹೋ ಸಾಹೇಬ” ಎನ್ನುವವಳು. ಬೆಳಿಗ್ಗೆಯಿಂದ ಗುರುಶಾಂತನ ಮೈ ಬಿಸಿಯಾಗಿತ್ತು. ಡಾಕ್ಟರ್ ಪೂನಮ ಎಕ್ಸ್‌ರೇ ತೆಗೆಸಿದಳು, ಕಫ ತಪಾಸಣೆಗೆ ಕಳಿಸಿದಳು. “ಸುಟ್ಟದ್ದರಿಂದಾನೂ ಜ್ವರ ಬರಬಹುದ್ರಿ. ಸಂಜಿತನಕ ನೋಡೋಣು” ಎಂದಳು. ಅವಳ ಕಣ್ಣುಗಳಲ್ಲೂ ಭಯವಿತ್ತು.

ಸಂಜೆ ನಾಲ್ಕಕ್ಕೆ ಶಾಂತಲಿಂಗಪ್ಪನವರು ಗಿಂಡಿ ಹಿಡಿದು ಮತ್ತೆ ಬಂದರು. ಈ ಸಲ ಹಿಂದೆ ಏಳೆಂಟು ನೆಂಟರು. ತಡೆಯುವ ಮಾವಶಿ ಇರಲಿಲ್ಲ.

“ನೋಡ್ರಿ, ಜ್ವರ ಬಂತು. ನಿನ್ನೆನ ತೀರ್ಥ ಕೊಟ್ಟಿದ್ರ ಹಿಂಗ ಆಗ್ತಿದ್ದಿಲ್ಲ. ಏ ಬಾಯಿ, ಹಾಸಿಗಿ ಇಳಸು.”

“ಹೋ ಸಾಹೇಬ” ಎಂದು ಆ ಹೆಂಗಸು ಹಿಡಿಕೆಗೆ ಕೈ ಹಾಕಿದಳು.

ಆಗ ನೀಲಗಂಗಾ ಸ್ಟೂಲಿನಿಂದ ಎದ್ದಳು. ಇಪ್ಪತ್ತೆಂಟು ವರ್ಷ ಆ ಮನೆಯಲ್ಲಿ ಭಾವನ ಮುಂದೆ ಸೆರಗು ಸರಿಸದವಳು. ಎರಡೂ ಕೈ ಒಡ್ಡಿ, “ಕೊಡ್ರಿ ಭಾವಾರ, ನಾ ಕೊಡತೀನಿ” ಎಂದಳು. ಅವರಿಗೆ ಸಂತೋಷವಾಯಿತು. ಹೆಂಡತಿಯ ಕೈಯಿಂದ ಗಂಡನಿಗೆ ತೀರ್ಥ, ಫೋಟೋಕ್ಕೆ ಒಳ್ಳೆಯದು. ಯಾರೋ ಮೊಬೈಲ್ ಎತ್ತಿದರು ಕೂಡ.

ನೀಲಗಂಗಾ ಗಿಂಡಿಯನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಗಟಗಟನೆ ತಾನೇ ಕುಡಿದುಬಿಟ್ಟಳು, ತಳದ ಹನಿಯವರೆಗೆ.

“ಏ ನೀಲಾ! ಏನ ಮಾಡಿದಿ!”

“ಅವರ ಪಾಲಿಂದ ಕುಡದೀನ್ರಿ. ಅರ್ಧಾಂಗಿ ಅಂತ ಅಕ್ಷತಾ ಹಾಕಿದವರು ನೀವ ಅಲ್ರೀ? ನನ್ನ ಹೊಟ್ಟಿಗೆ ಬಂದ್ರ ಅವರಿಗೆ ಮುಟ್ಟತದ.” ಹಿಂದಿನವರ ಕಡೆಗೆ ತಿರುಗಿದಳು. “ನೀವೂ ತರ್ರಿ. ಕಾಕೂ, ನಿಮ್ಮ ಬಾಟ್ಲಿ ಎಲ್ಲದ? ಕೊಡ್ರಿ ಇಲ್ಲೆ.”

ಒಂದಾದ ಮೇಲೊಂದು ಬಾಟಲಿ ಇಸಿದುಕೊಂಡು ಕುಡಿದಳು. ನೆಂಟರು ಬಾಯಿ ಬಿಟ್ಟು ನೋಡಿದರು. ಶಾಸ್ತ್ರದಲ್ಲಿ ತಪ್ಪು ಹುಡುಕಲು ಅವರಿಗೆ ಬರಲಿಲ್ಲ. ನಾಲ್ಕನೆಯ ಬಾಟಲಿಗೆ ಆಕೆಗೆ ಬಿಕ್ಕಳಿಕೆ ಬಂತು, ಆದರೂ ನಿಲ್ಲಿಸಲಿಲ್ಲ.

“ಮನಿ ಮರ್ಯಾದಿ ಕಳದಿ” ಎಂದರು ಶಾಂತಲಿಂಗಪ್ಪನವರು, ಖಾಲಿ ಗಿಂಡಿ ಹಿಡಿದುಕೊಂಡು.

“ಮರ್ಯಾದಿ ಆಮ್ಯಾಗ ಗಳಿಸೋಣ್ರಿ. ಮೊದಲ ನಮ್ಮ ಮನಿಯವರು ಉಳೀಲಿ. ಆ ಮಾವಶಿನ್ನ ಮ್ಯಾಲ ಕರಸ್ರಿ. ಇಲ್ಲಂದ್ರ ನಾನ ಕೆಳಗ ಹೋಗಿ ಕೈ ಹಿಡಕೊಂಡು ಕರಕೊಂಡ ಬರತೀನಿ.”

ಕರೆಸಿದವರು ಶಾಂತಲಿಂಗಪ್ಪನವರಲ್ಲ. ಗದ್ದಲ ಕೇಳಿ ಬಂದ ಡಾಕ್ಟರ್ ಪೂನಮ ಫೋನೆತ್ತಿ, ತನ್ನ ವಾರ್ಡಿನ ಮಾವಶಿಯನ್ನು ತನ್ನನ್ನು ಕೇಳದೆ ಕಳಿಸಿದವರು ಯಾರೆಂದು ಮ್ಯಾನೇಜರರನ್ನು ಮರಾಠಿಯಲ್ಲಿ ವಿಚಾರಿಸಿದಳು. ವಿಚಾರಣೆ ಚಿಕ್ಕದಾಗಿತ್ತು. ಮ್ಯಾನೇಜರರ ಕಡೆಯಿಂದ ‘ಹೋ ಮ್ಯಾಡಮ್’ ಎಂಬುದಷ್ಟೇ ಕೇಳಿಸಿತು. ಕಾಲು ತಾಸಿನಲ್ಲಿ ತುಳಜಾಬಾಯಿ ಬಂದು, ನಾಲ್ಕು ಬೆರಳಿನಷ್ಟು ಇಳಿದಿದ್ದ ಹಾಸಿಗೆಯನ್ನು ಪಟ್ಟಿಗೆ ತಂದು, ಗುರುಶಾಂತನ ಬಾಯಿಯೊಳಗೆ ಬ್ಯಾಟರಿ ಬಿಟ್ಟು ನೋಡಿದಳು.

“ಮುಂಜಾನಿಂದ ಯಾರೂ ಮುಟ್ಟಿಲ್ಲ ಇದನ್ನ” ಎಂದು ಗೊಣಗಿ ಕೆಲಸಕ್ಕೆ ಹತ್ತಿದಳು. ಅಷ್ಟು ಹೊತ್ತಿನ ಎಂಜಲೆಲ್ಲ ನಳಿಕೆಯಲ್ಲಿ ಸುರ್ ಎಂದು ಮೇಲೇರಿತು. ನೀಲಗಂಗಾ ಪಕ್ಕದಲ್ಲಿ ನಿಂತು ನೋಡಿದಳು. ನಾಲ್ಕನೆಯ ದಿನದಿಂದ ಬ್ರಷ್ಷನ್ನು ಆಕೆಯ ಕೈಗೇ ಕೊಡಲಾಯಿತು. ಆ ವ್ಯಾಪಾರಿ ಮನೆತನದ ಸೊಸೆ ಗಂಡನ ಎಂಜಲು ತೆಗೆಯುವುದನ್ನು ಕಂಡು ಇಬ್ಬರು ನಾದಿನಿಯರು ಗಾಜಿನ ಹೊರಗೇ ನಿಂತರು. ನಿಲ್ಲಲಿ, ಒಳಗೆ ಅವರಿಂದ ಆಗಬೇಕಾದ ಕೆಲಸವಾದರೂ ಏನಿತ್ತು?

ಮೂರನೆಯ ದಿನದ ರಾತ್ರಿ ಕಳೆಯುವುದರಲ್ಲಿ ಜ್ವರ ಇಳಿದಿತ್ತು. ಎರಡನೆಯ ಎಕ್ಸ್‌ರೇಯಲ್ಲಿ ಮಬ್ಬು ಹೆಚ್ಚಿರಲಿಲ್ಲ. ಐದನೆಯ ದಿನ ಕಡಿಮೆಯಾಯಿತು. ಕಫದಲ್ಲಿ ದೋಷ ಕಾಣಲಿಲ್ಲ. ಪುಣೆಯಿಂದ ತರಿಸಬೇಕಾದ ಯಾವ ಔಷಧವೂ ಬೇಕಾಗಲಿಲ್ಲ. ಶಾಂತಲಿಂಗಪ್ಪನವರು ಓಣಿಯಲ್ಲಿ ತಮ್ಮ ತೀರ್ಥದ ಮಹಿಮೆ ಹೇಳಿಕೊಂಡು ತಿರುಗಿದರು. ಅದು ಯಾರ ಹೊಟ್ಟೆ ಸೇರಿತ್ತೆಂಬುದನ್ನು ಮಾತ್ರ ಬಿಟ್ಟು ಹೇಳಿದರು. ಅವರ ಮಾತನ್ನು ಒಪ್ಪಿ ತಲೆದೂಗಿದವರಲ್ಲಿ ಆ ದಿನ ಬಾಟಲಿ ಕಳೆದುಕೊಂಡವರೂ ಇದ್ದರು. ಇವರನ್ನು ತಿದ್ದುವ ಹಂಬಲ ನನಗೆ ಈ ವಯಸ್ಸಿನಲ್ಲಿ ಇಲ್ಲ.

ಆರನೆಯ ದಿನ ಬೆಳಿಗ್ಗೆ ಗುರುಶಾಂತ ಕಣ್ಣು ತೆರೆದು ಜನರ ಗುರುತು ಹಿಡಿಯುತ್ತಿದ್ದ. ನುಂಗಲು ಬರುತ್ತದೆಯೇ ಎಂದು ಪರೀಕ್ಷಿಸುವ ದಿನ ಅದು. ಅವನನ್ನು ನೆಟ್ಟಗೆ ಕೂಡಿಸಿದರು. ಡಾಕ್ಟರ್ ಪೂನಮ ಪುಡಿ ಬೆರೆಸಿ ಸ್ವಲ್ಪ ಗಟ್ಟಿಮಾಡಿದ ನೀರನ್ನು ಬಟ್ಟಲಲ್ಲಿ ತಂದು ಚಮಚೆಯನ್ನು ನೀಲಗಂಗಾಳ ಮುಂದೆ ಹಿಡಿದಳು. ಆಕೆ ಹಿಂದೆ ಸರಿದಳು.

“ನನ್ನ ಕೈ ಬ್ಯಾಡ್ರಿ. ನೀವ ಕೊಡ್ರಿ.”

“ಹಿಡೀರಿ ಅಂದ್ರ ಹಿಡೀರಿ” ಎಂದಳು ತುಳಜಾಬಾಯಿ. “ಮೂರ ದಿನದಿಂದ ಎಲ್ಲಾರ ಕೈ ತಡದಾಕಿ ನೀವು. ಈಗ ನಡಗತೀರಿ? ಸಾವಕಾರ್ರ, ಗದ್ದ ಕೆಳಗ ಮಾಡ್ರಿ. ಹಾಂ, ಎದಿ ಕಡಿ ನೋಡ್ರಿ. ಅರ್ಧ ಚಮಚಾ ಸಾಕ್ರಿ ಬಾಯಾರ, ಲಗ್ನದ ಊಟ ಅಲ್ಲ.”

ನೀಲಗಂಗಾ ಅರ್ಧ ಚಮಚೆ ಬಾಯೊಳಗಿಟ್ಟಳು. ತುಳಜಾಬಾಯಿ ಎರಡು ಬೆರಳನ್ನು ಗುರುಶಾಂತನ ಗಂಟಲಿನ ಮೇಲೆ ಹಗುರವಾಗಿ ಇರಿಸಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ಎಲ್ಲರೂ ಕೆಮ್ಮಿಗಾಗಿ ಕಾಯ್ದರು. ಕೆಮ್ಮು ಬರಲಿಲ್ಲ.

“ಈಗ ಒಂದ ಮಾತ ಆಡ್ರಿ. ದನಿ ನೀರನೀರ ಬರಬಾರದು” ಎಂದಳು ಡಾಕ್ಟರ್ ಪೂನಮ.

ಗುರುಶಾಂತ ಹೆಂಡತಿಯ ಮುಖ ನೋಡಿದ. ತೊದಲುತ್ತಿದ್ದರೂ ದನಿ ಒಣಗಿ ಸ್ವಚ್ಛವಾಗಿತ್ತು.

“ಸಪ್ಪಗ ಅದ” ಎಂದ.